ಅಮಾವಾಸ್ಯೆಯ ಪುಡಿ

ರುದ್ರಮುನಿಗೆ ಉಸಿರಾಟದ ಪಾಠವೆಂದರೆ ಹಬ್ಬ. ಹೊನ್ನಾಳಿಯ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವ ಈ ಮನುಷ್ಯ ಉಳಿದ ದಿನಗಳಲ್ಲಿ ಗಡಿಯಾರ ನೋಡಿಕೊಂಡೇ ಪಾಠ ಮಾಡುವವನು. ನ್ಯಾಮತಿಯ ಬಸ್ಸು ತಪ್ಪಿತೆಂದರೆ ಮನೆಯಲ್ಲಿ ಹೆಂಡತಿ ಶಾಂತಲಾ ಮುಖ ಊದಿಸಿಕೊಂಡು ಕೂರುತ್ತಾಳೆ. ಆದರೆ ಶ್ವಾಸಕೋಶದ ಪಾಠ ಬಂತೋ, ಗಂಟೆ ಹೊಡೆದದ್ದೂ ಅವನ ಕಿವಿಗೆ ಬೀಳುತ್ತಿರಲಿಲ್ಲ. ಇಡೀ ಕ್ಲಾಸಿಗೆ ಉಸಿರು ಹಿಡಿದುಕೊಳ್ಳಲು ಹೇಳಿ, ಒಬ್ಬೊಬ್ಬರೇ ಕೆಂಪಗಾಗಿ ಬುಸ್ಸೆಂದು ಬಿಡುವುದನ್ನು ನೋಡಿ ನಗುವನು. ಆಮೇಲೆ ಬೋರ್ಡಿನ ಮೇಲೆ ದ್ರಾಕ್ಷಿ ಗೊಂಚಲಿನಂತೆ ವಾಯುಕೋಶಗಳನ್ನು ಬರೆದು ಶುರುಮಾಡುವನು.

"ಈ ಕಡೆ ಗಾಳಿ, ಆ ಕಡೆ ರಕ್ತ. ನಡುವೆ ಈರುಳ್ಳಿಯ ಒಳಪೊರೆಗಿಂತ ತೆಳುವಾದ ಗೋಡೆ. ಆಕ್ಸಿಜನ್ ಈ ಕಡೆಯಿಂದ ಆ ಕಡೆಗೆ ಹೋಗುತ್ತೆ, ಕಾರ್ಬನ್ ಡೈ ಆಕ್ಸೈಡ್ ಆ ಕಡೆಯಿಂದ ಈ ಕಡೆಗೆ ಬರುತ್ತೆ. ಎಲ್ಲಿ ಹೆಚ್ಚಿದೆಯೋ ಅಲ್ಲಿಂದ ಎಲ್ಲಿ ಕಡಿಮೆಯಿದೆಯೋ ಅಲ್ಲಿಗೆ. ಈ ಕೊಡುಕೊಳ್ಳುವಿಕೆ ಒಂದು ಕ್ಷಣ ನಿಂತರೆ ನೀವೂ ಇಲ್ಲ, ನಾನೂ ಇಲ್ಲ."

ಈ ಉತ್ಸಾಹಕ್ಕೆ ಕಾರಣ ಅವನ ಅಕ್ಕ ಶಂಕ್ರಮ್ಮ. ತಾಯಿಯಿಲ್ಲದ ಮನೆಯಲ್ಲಿ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಅವಳಿಗೆ ಚಿಕ್ಕಂದಿನಿಂದ ದಮ್ಮು. ಚಳಿಗಾಲದಲ್ಲಿ ಅವಳು ಗೋಡೆಗೆ ಒರಗಿ ಕೂತು, ಮಂಡಿಯ ಮೇಲೆ ಕೈಯೂರಿ, ಸುಯ್ಯೋ ಸುಯ್ಯೋ ಎಂದು ಉಸಿರು ಎಳೆಯುತ್ತಿದ್ದರೆ ಚಿಕ್ಕವನಾದ ರುದ್ರಮುನಿ ಎದುರಿಗೆ ಕೂತು ತಾನೂ ಅವಳ ಜೊತೆ ಜೋರಾಗಿ ಉಸಿರಾಡುತ್ತಿದ್ದ. ತಾನು ಎಳೆದರೆ ಅಕ್ಕನಿಗೂ ಒಂದಿಷ್ಟು ಸಿಗುತ್ತದೆ ಎಂದು ಅವನ ಲೆಕ್ಕಾಚಾರ. ಜೀವಶಾಸ್ತ್ರ ಓದಿದ್ದೂ ಅದಕ್ಕೇ ಎಂದು ಸ್ಟಾಫ್ ರೂಮಿನಲ್ಲಿ ಹೇಳಿಕೊಳ್ಳುತ್ತಿದ್ದ.

ಹಾರ್ಮೋನುಗಳ ಪಾಠದ ಯೋಗ ಬೇರೆ. ಅದು ಪುಸ್ತಕದ ಕೊನೆಗೆ ಬರುತ್ತದೆ, ಪರೀಕ್ಷೆ ಹತ್ತಿರ ಬಂದಿರುತ್ತದೆ, ಎಲ್ಲ ಕಡೆಯ ಮೇಷ್ಟ್ರುಗಳೂ ಅದನ್ನು ಓಡಿಸಿ ಮುಗಿಸುತ್ತಾರೆ. ರುದ್ರಮುನಿ ಅದಕ್ಕೊಂದು ಉದಾಹರಣೆ ಇಟ್ಟುಕೊಂಡಿದ್ದ. "ಮನೆ ಮೇಲಿನ ನೀರಿನ ಟ್ಯಾಂಕ್ ನೋಡಿದೀರಲ್ಲ? ತುಂಬಿದ ಕೂಡಲೇ ಒಳಗಿನ ಚೆಂಡು ಮೇಲೆ ಬಂದು ವಾಲ್ವ್ ಮುಚ್ಚುತ್ತೆ. ನೀರು ಇಳಿದ ಕೂಡಲೇ ಮತ್ತೆ ತೆರೆಯುತ್ತೆ. ನಮ್ಮ ಗ್ರಂಥಿಗಳೂ ಹಾಗೇ. ರಕ್ತದಲ್ಲಿ ಹಾರ್ಮೋನು ಸಾಕಾದರೆ ತಮ್ಮಷ್ಟಕ್ಕೆ ಸುಮ್ಮನಾಗ್ತವೆ."

ಹೋದ ವರ್ಷ ಮೂರನೇ ಬೆಂಚಿನ ಸುಧಾ ಎಂಬ ಹುಡುಗಿ ಎದ್ದು ನಿಂತಿದ್ದಳು. "ಸಾರ್, ಯಾರಾದ್ರೂ ದಿನಾ ಹೊರಗಿಂದ ಕೊಡದಾಗೆ ತಂದು ಟ್ಯಾಂಕ್ ತುಂಬಿಸ್ತಾ ಇದ್ರೆ ವಾಲ್ವ್ ತುಕ್ಕು ಹಿಡಿಯಲ್ವಾ? ಆಮೇಲೆ ಕೊಡ ತರೋದು ನಿಲ್ಲಿಸಿದ್ರೆ?"

"ಅದು ಪರೀಕ್ಷೆಗೆ ಬರಲ್ಲಮ್ಮ, ಕೂತ್ಕೋ" ಎಂದಿದ್ದ ರುದ್ರಮುನಿ. ಕ್ಲಾಸು ನಕ್ಕಿತ್ತು. ಅವನೂ ನಕ್ಕಿದ್ದ.

ಶಂಕ್ರಮ್ಮನನ್ನು ಚನ್ನಗಿರಿ ತಾಲೂಕಿನ ತ್ಯಾವಣಿಗೆಗೆ ಕೊಟ್ಟಿತ್ತು. ಗಂಡ ತೀರಿಕೊಂಡ ಮೇಲೆ ಮಗ ಸಿದ್ದಲಿಂಗೇಶ್ ಬೇರೆಯವರ ಅಡಿಕೆ ಫಸಲನ್ನು ಗುತ್ತಿಗೆ ಹಿಡಿದು, ಸುಲಿಸಿ, ಬೇಯಿಸಿ, ಒಣಗಿಸಿ ಮಾರುವ ಖೇಣಿ ವ್ಯವಹಾರ ಮಾಡುತ್ತಿದ್ದ. ಅವಳೋ ಸುಮ್ಮನೆ ಕೂರುವ ಜೀವ ಅಲ್ಲ. ಸುಗ್ಗಿಯಲ್ಲಿ ಬೇಯಿಸುವ ಒಲೆಯ ಹೊಗೆ, ಒಣಗಿದ ಅಡಿಕೆಯನ್ನು ಕೇರುವಾಗ ಏಳುವ ಧೂಳು, ಎರಡನ್ನೂ ಸೆರಗಿನಲ್ಲಿ ಮೂಗು ಮುಚ್ಚಿಕೊಂಡೇ ನುಂಗುವಳು. ದಮ್ಮು ಏರುತ್ತಲೇ ಹೋಯಿತು. ರುದ್ರಮುನಿ ಫೋನು ಮಾಡಿದಾಗಲೆಲ್ಲ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ ಎನ್ನುವನು. ರಜೆ ಬರಲಿ ಎನ್ನುವನು. ರಜೆ ಬರುತ್ತಿತ್ತು, ಹೋಗುತ್ತಿತ್ತು.

ಕೊನೆಗೆ ಅವಳ ಕೈಹಿಡಿದವಳು ಪಕ್ಕದ ಮನೆಯ ಗಾದ್ರಮ್ಮ. ಗಾದ್ರಮ್ಮನ ತವರು ಜಗಳೂರಿನ ಕಡೆ. ಅಲ್ಲೊಂದು ಹಳ್ಳಿಯಲ್ಲಿ ತಿಪ್ಪೇಶಪ್ಪ ಎಂಬವರು ಪ್ರತಿ ಅಮಾವಾಸ್ಯೆ ದಮ್ಮಿಗೆ ಪುಡಿ ಕೊಡುತ್ತಾರೆ, ಕಾಸು ಮುಟ್ಟುವುದಿಲ್ಲ, ದೇವರ ಮುಂದೆ ಒಂದು ಕಾಯಿ ಒಡೆಸಿದರೆ ಮುಗಿಯಿತು ಎಂದು ಹೇಳಿ ಬಸ್ಸು ಹತ್ತಿಸಿದಳು. ತಿಂಗಳಿಗಾಗುವಷ್ಟು ಪೊಟ್ಟಣಗಳು. ದಿನಾ ಬೆಳಿಗ್ಗೆ ಜೇನುತುಪ್ಪದಲ್ಲಿ ಕಲಸಿ ನೆಕ್ಕಬೇಕು, ಮೊಸರು ಬಾಳೆಹಣ್ಣು ಮುಟ್ಟಬಾರದು. ಎಲ್ಲಕ್ಕಿಂತ ಹೆಚ್ಚಾಗಿ, ಒಂದು ಅಮಾವಾಸ್ಯೆಯನ್ನೂ ತಪ್ಪಿಸಬಾರದು. ತಪ್ಪಿಸಿದರೆ ದೇವರು ಮುನಿದು, ಕೊಟ್ಟ ಉಸಿರನ್ನು ವಾಪಸು ಪಡೆಯುತ್ತಾನೆ.

ಪುಡಿ ಕೆಲಸ ಮಾಡಿತು. ಬರೀ ಮಾಡಲಿಲ್ಲ, ಪವಾಡ ಮಾಡಿತು. ಮೊದಲ ವಾರದಲ್ಲೇ ಶಂಕ್ರಮ್ಮ ಮಲಗಿ ನಿದ್ದೆ ಮಾಡಿದಳು. ಅಲ್ಲಿಯವರೆಗೆ ಅವಳು ಕೂತೇ ಬೆಳಗು ಮಾಡುತ್ತಿದ್ದವಳು. ಎರಡು ವರ್ಷ ಒಂದು ಅಮಾವಾಸ್ಯೆಯನ್ನೂ ಬಿಡಲಿಲ್ಲ. ಮುಖ ದುಂಡಗಾಯಿತು, ಕೆನ್ನೆ ತುಂಬಿತು. ನೆಂಟರು "ಶಂಕ್ರಮ್ಮಕ್ಕಗೆ ಈಗ ಕಳೆ ಬಂತು ನೋಡ್ರಿ" ಎಂದರು. ರುದ್ರಮುನಿಯೂ ಅಂದ. ಅವನ ಕಣ್ಣಿಗೂ ಅದು ಕಳೆಯಾಗಿಯೇ ಕಂಡಿತು.

ಹೀಗಿರುವಾಗ ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಪತ್ರಿಕೆ ತಿರುವುತ್ತಿದ್ದವನ ಕಣ್ಣಿಗೆ ಒಂದು ಬರಹ ಬಿತ್ತು. ಕೆಲವು ಕಡೆ ದಮ್ಮಿಗೂ ಕೀಲುನೋವಿಗೂ ಕೊಡುವ ನಾಟಿ ಪುಡಿಗಳಲ್ಲಿ ಸ್ಟಿರಾಯ್ಡ್ ಎಂಬ ಹಾರ್ಮೋನಿನ ಮಾತ್ರೆಗಳನ್ನು ಅರೆದು ಸೇರಿಸುತ್ತಾರೆ. ಅದರಿಂದ ಮುಖ ಊದುತ್ತದೆ, ಚರ್ಮ ತೆಳುವಾಗುತ್ತದೆ, ಮೂಳೆ ಸವೆಯುತ್ತದೆ ಎಂದು ಬರೆದಿತ್ತು. ರುದ್ರಮುನಿಗೆ ಅಕ್ಕನ ದುಂಡು ಮುಖ ನೆನಪಾಯಿತು. ಬಳೆ ತಾಗಿದರೂ ಸಾಕು, ಅವಳ ಮುಂಗೈ ಮೇಲೆ ನೀಲಿ ಕಲೆ ಏಳುತ್ತಿದ್ದದ್ದು ನೆನಪಾಯಿತು. ಬರಹ ಇನ್ನೂ ಉದ್ದವಿತ್ತು, ಒಳಪುಟದಲ್ಲಿ ಮುಂದುವರಿದಿತ್ತು. ಅವನು ಪುಟ ತಿರುವಲಿಲ್ಲ. ಅವನಿಗೆ ಸಿಟ್ಟು ಬಂದಿತ್ತು, ಸಿಟ್ಟು ಬಂದವನಿಗೆ ಅರ್ಧ ಓದಿದರೂ ಪೂರ್ತಿ ಓದಿದ ಹಾಗೆಯೇ.

ಭಾನುವಾರ ಬೈಕು ಹತ್ತಿ ಸೀದಾ ತ್ಯಾವಣಿಗೆಗೆ ಹೋದ. ಶಂಕ್ರಮ್ಮ ಆಗ ತಾನೇ ಪೂಜೆ ಮುಗಿಸಿ ಪುಡಿಗೆ ಜೇನು ಸುರಿಯುತ್ತಿದ್ದಳು. ಕೈಯಿಂದ ಬಟ್ಟಲು ಕಿತ್ತುಕೊಂಡ.

"ಏನು ತಿಂತಿದೀಯ ಗೊತ್ತೈತೇನಕ್ಕ? ವಿಷ! ಇದರಾಗೆ ಹಾರ್ಮೋನ್ ಮಾತ್ರೆ ಅರೆದು ಹಾಕಿರ್ತಾರೆ!"

"ಏನರ ಹಾಕ್ಲಿ ತಮ್ಮಾ" ಎಂದಳು ಶಂಕ್ರಮ್ಮ. "ಇದು ಬಂದ ಮ್ಯಾಲೆ ನಾನು ಮಲಗಾಕೆ ಕಲ್ತೀನಿ. ಇದು ಬಿಟ್ರೆ ನನಗೆ ಉಸಿರಿಲ್ಲ ಕಣಪ್ಪಾ."

"ಉಸಿರು ಅಂದ್ರೆ ಏನು ಅಂತ ಊರಿನ ಮಕ್ಕಳಿಗೆಲ್ಲ ಹೇಳಿಕೊಡ್ತೀನಿ. ನನಗೇ ಹೇಳಾಕೆ ಬರ್ತೀಯ?"

ಅಡುಗೆಮನೆಯ ಗೂಡಿನಲ್ಲಿದ್ದ ಪೊಟ್ಟಣಗಳನ್ನೆಲ್ಲ ಬಾಚಿ ಬಚ್ಚಲೊಲೆಗೆ ಹಾಕಿದ. ಸಿದ್ದಲಿಂಗೇಶ್ ಬಾಗಿಲಲ್ಲಿ ನಿಂತು, "ಮಾಮ, ಒಂದ್ಸಲ ಡಾಕ್ಟ್ರನ್ನ ಕೇಳಿ ಆಮೇಲೆ..." ಎಂದು ಬಾಯಿ ತೆರೆದ. "ಡಾಕ್ಟ್ರ ಹತ್ರಾನೇ ಕರ್ಕೊಂಡು ಹೋಗ್ತೀನಿ, ನೀನು ಸುಮ್ನಿರು" ಎಂದು ಅವನ ಬಾಯಿ ಮುಚ್ಚಿಸಿದ.

ಆದರೆ ಅಕ್ಕನ ಮೇಲೆ ಅವನಿಗೆ ನಂಬಿಕೆ ಇರಲಿಲ್ಲ. ತಾನು ಬೆನ್ನು ತಿರುಗಿಸಿದ ಕೂಡಲೇ ಗಾದ್ರಮ್ಮನ ಜೊತೆ ಜಗಳೂರು ಬಸ್ಸು ಹತ್ತುವಳೆಂದು ಗೊತ್ತಿತ್ತು. ಆಗ ಅವನಿಗೆ ಆ ಯೋಚನೆ ಬಂತು. ತನ್ನ ಕೊರಳಿನ ಲಿಂಗವನ್ನು ಎಂದೋ ಬಿಚ್ಚಿ ನ್ಯಾಮತಿಯ ಮನೆಯ ಮೊಳೆಗೆ ನೇತುಹಾಕಿದ್ದ ಈ ವಿಜ್ಞಾನದ ಮೇಷ್ಟ್ರು ಅಕ್ಕನ ಎದುರು ಮಂಡಿಯೂರಿ ಕೂತು, "ಲಿಂಗ ಮುಟ್ಟಿ ಹೇಳು. ಇನ್ನು ಜೀವಮಾನದಾಗೆ ಆ ಪುಡಿ ಬಾಯಿಗೆ ಇಡಲ್ಲ ಅಂತ ಹೇಳು" ಎಂದ.

ಶಂಕ್ರಮ್ಮ ಜೇನು ಮೆತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಕೊರಳಿನ ಕರಡಿಗೆ ತೆರೆದು, ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡು, "ನೀನು ಓದಿದೋನು. ನೀನು ಹೇಳಿದ ಮ್ಯಾಲೆ ಮುಗೀತು. ಮುಟ್ಟಾಕಿಲ್ಲ" ಎಂದಳು.

ರುದ್ರಮುನಿಗೆ ಗೆದ್ದಷ್ಟು ಸಂತೋಷವಾಯಿತು.

ಮಾರನೆಯ ದಿನವೇ ರಜೆ ಹಾಕಿ ಅವಳನ್ನು ದಾವಣಗೆರೆಗೆ ಕರೆದುಕೊಂಡು ಹೋದ. ಎದೆರೋಗ ನೋಡುವ ಡಾಕ್ಟರಮ್ಮ ಒಳ್ಳೆಯವರು, ಸಮಾಧಾನದಿಂದ ನೋಡಿದರು. ಊದಿಸಿದರು, ಎಳೆಸಿದರು, ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಆಲಿಸಿದರು. ಮುಂಗೈಯ ನೀಲಿ ಕಲೆಗಳ ಮೇಲೆ ಬೆರಳಾಡಿಸಿದರು. ಕೊನೆಗೆ ಪೆನ್ನು ಕೆಳಗಿಟ್ಟು ಕೇಳಿದರು.

"ಅಮ್ಮಾ, ಬೇರೆ ಏನಾದ್ರೂ ಔಷಧಿ ತಗೋತಿದ್ರಾ? ನಾಟಿ ಔಷಧಿ, ಪುಡಿ, ಏನಾದ್ರೂ? ನಾನು ಬೈಯಲ್ಲ, ಹೇಳಿ."

ಶಂಕ್ರಮ್ಮ ತಮ್ಮನ ಕಡೆ ನೋಡಿದಳು.

ಆ ಒಂದು ನೋಟಕ್ಕೆ ಅವನು ಕೊಟ್ಟ ಉತ್ತರ ಇಷ್ಟು: "ನಾನು ಬಯಾಲಜಿ ಲೆಕ್ಚರರ್ ಮೇಡಂ. ನಮ್ಮನೇಲಿ ಅಂಥದ್ದೆಲ್ಲ ಇಲ್ಲ."

ಯಾಕೆ ಹಾಗೆಂದ? ಮಾನ. ಬರೀ ಮಾನ. ಆ ಬಿಳಿ ಕೋಣೆಯಲ್ಲಿ, ಇಂಗ್ಲಿಷಿನಲ್ಲಿ ಬರೆಯುವ ಆ ಹೆಂಗಸಿನ ಎದುರು, ತನ್ನ ಅಕ್ಕ ಅಮಾವಾಸ್ಯೆಗೆ ಕಾಯಿ ಒಡೆಸಿ ಪುಡಿ ನೆಕ್ಕುವವಳು ಎಂದು ಹೇಳಲು ಅವನಿಗೆ ನಾಲಗೆ ಏಳಲಿಲ್ಲ. ಹೇಗೂ ಬಿಡಿಸಿ ಆಯಿತಲ್ಲ, ಬಿಟ್ಟದ್ದನ್ನು ಹೇಳಿ ಏನಾಗಬೇಕು ಎಂದು ತನಗೆ ತಾನೇ ಸಮಾಧಾನವನ್ನೂ ಹೇಳಿಕೊಂಡ. ಶಂಕ್ರಮ್ಮ ತಲೆ ತಗ್ಗಿಸಿದಳು. ತಮ್ಮ ಇಲ್ಲವೆಂದ ಮೇಲೆ ಅವಳು ಇದೆ ಎನ್ನುವುದುಂಟೇ?

ಡಾಕ್ಟರಮ್ಮ ಇನ್‌ಹೇಲರ್ ಬರೆದುಕೊಟ್ಟರು. ರುದ್ರಮುನಿ ಮನೆಯಲ್ಲಿ ಅವಳಿಗೆ ಅದನ್ನು ಎಳೆಯಲು ಕಲಿಸಿದ. ಎಳೆದು, ತಡೆದು, ನಿಧಾನಕ್ಕೆ ಬಿಡು ಎಂದು. ಕೊರೋನಾ ಕಾಲದಲ್ಲಿ ಕೊಂಡಿದ್ದ, ಬೆರಳಿಗೆ ಕಚ್ಚಿಸುವ ಆಕ್ಸಿಮೀಟರನ್ನೂ ತಂದುಕೊಟ್ಟ. ತೊಂಬತ್ತೇಳು ತೋರಿಸಿತು. "ನೋಡಿದೆಯಾ? ನಿನ್ನ ರಕ್ತದಾಗೆ ಆಕ್ಸಿಜನ್ ತುಂಬಿ ತುಳುಕ್ತಾ ಐತೆ. ಎಲ್ಲಿ ಹೋದ ನಿನ್ನ ತಿಪ್ಪೇಶಪ್ಪ?" ಎಂದ. ಅವಳು ನಕ್ಕಳು. ಉಸಿರು ನಿಜವಾಗಿಯೂ ಹಗುರವಾಗಿತ್ತು.

ಹಗುರವಾಗದೆ ಉಳಿದದ್ದು ಮೈ. ಅಮಾವಾಸ್ಯೆ ಬಂತು, ಗಾದ್ರಮ್ಮ ಒಬ್ಬಳೇ ಜಗಳೂರಿಗೆ ಹೋಗಿ ಪುಡಿ ತಂದಳು. ಶಂಕ್ರಮ್ಮನಿಗೆ ಊಟ ಸೇರದಾಯಿತು. ಏಳಲು ಹೋದರೆ ಕಣ್ಣು ಕತ್ತಲಿಟ್ಟು ಗೋಡೆ ಹಿಡಿದುಕೊಳ್ಳುವಳು. ಮೈಕೈ ನೋವು. ತಿಂದದ್ದೆಲ್ಲ ವಾಂತಿ. ಸಿದ್ದಲಿಂಗೇಶ್ ಫೋನು ಮಾಡಿದ.

"ಮಾಮ, ಅವ್ವಗೆ ಎದ್ದು ಕೂರಾಕೂ ಆಗ್ತಿಲ್ಲ. ದಾವಣಗೆರೆಗೆ ಕರ್ಕೊಂಡು ಹೋಗಾಣೇನು?"

ರುದ್ರಮುನಿ ಕಾಲೇಜು ಮುಗಿಸಿಕೊಂಡು ಬಂದ. ಅಕ್ಕನ ಬೆರಳಿಗೆ ಆಕ್ಸಿಮೀಟರ್ ಹಾಕಿದ. ಮತ್ತೆ ತೊಂಬತ್ತೇಳು. ಎದೆಗೆ ಕಿವಿಗೊಟ್ಟ, ಸುಯ್ಯೆನ್ನುವ ಸದ್ದೇ ಇಲ್ಲ. ಅವನ ಕಣ್ಣಿಗೆ ಕಂಡದ್ದು ಅವಳ ಶ್ವಾಸಕೋಶ ಮಾತ್ರ. ಉಸಿರಾಟ ಸರಿಯಿದ್ದ ಮೇಲೆ ಮನುಷ್ಯ ಸರಿ ಎಂದೇ ಅವನ ತೀರ್ಮಾನ. ಒಂದೇ ಪುಸ್ತಕದ ಎರಡು ಪಾಠಗಳ ನಡುವೆ ಎಷ್ಟು ದೂರ ನೋಡಿ. ಮೊದಲನೆಯದನ್ನು ಹಿಡಿದು ಕೂತವನಿಗೆ ಕೊನೆಯದು ನೆನಪಾಗಲೇ ಇಲ್ಲ.

"ಏನೂ ಆಗಿಲ್ಲ ಸಿದ್ದು" ಎಂದ. "ಕುಡಿಯೋರು ಹೆಂಡ ಬಿಟ್ಟಾಗ ನಾಲ್ಕು ದಿನ ಒದ್ದಾಡಲ್ವಾ, ಹಂಗೆ. ಪುಡಿ ಚಟ ಬಿಡ್ತಾ ಐತೆ. ಗಂಜಿ ಕುಡಿಸು, ಶುಂಠಿ ಕೊಡು."

ಸಿದ್ದಲಿಂಗೇಶ್ ಮಾಮನ ಬೈಕು ಊರು ದಾಟಿದ ಮೇಲೆ ಗಾದ್ರಮ್ಮನ ಮನೆಗೆ ಹೋಗಿ ಒಂದು ಪೊಟ್ಟಣ ಇಸಿದುಕೊಂಡು ಬಂದ. ಜೇನಿನಲ್ಲಿ ಕಲಸಿ ತಾಯಿಯ ಬಾಯಿಯ ಹತ್ತಿರ ಹಿಡಿದ. "ಅವ್ವ, ಒಂದೇ ಒಂದ್ಸಲ ನೆಕ್ಕು. ಮಾಮಗೆ ಯಾರು ಹೇಳ್ತಾರೆ?"

ಶಂಕ್ರಮ್ಮ ಮುಖ ಆಚೆ ತಿರುಗಿಸಿದಳು. ಅವಳಿಗೆ ಆಸೆಯಿತ್ತು. ಮೈಯ ಒಂದೊಂದು ಎಲುಬೂ ಆ ಬಟ್ಟಲನ್ನು ಬೇಡುತ್ತಿತ್ತು ಎಂದು ಸಿದ್ದಲಿಂಗೇಶ್ ಆಮೇಲೆ ಹೇಳಿದ. ಅವಳ ಗಂಟಲು ನುಂಗುವುದನ್ನು ಅವನು ಕಣ್ಣಾರೆ ನೋಡಿದ್ದ.

"ಲಿಂಗ ಮುಟ್ಟಿ ಮಾತು ಕೊಟ್ಟೀನಪ್ಪ. ತಮ್ಮಗೆ ಕೊಟ್ಟಿದ್ರೆ ಮುರೀತಿದ್ದೆ. ಶಿವಗೆ ಕೊಟ್ಟೀನಿ" ಎಂದಳು.

ಎರಡು ದಿನ ಬಿಟ್ಟು ಒಂದು ಸಣ್ಣ ಜ್ವರ ಬಂತು. ಬೇರೆಯವರಾದರೆ ಒಂದು ಮಾತ್ರೆ ನುಂಗಿ ಹೊದ್ದು ಮಲಗುವಂಥ ಜ್ವರ. ಬೆಳಗಾಗುವ ಹೊತ್ತಿಗೆ ಶಂಕ್ರಮ್ಮ ಕರೆದರೆ ಓಗೊಡದಾದಳು. ಸಿದ್ದಲಿಂಗೇಶ್ ಕಾರು ಮಾಡಿಕೊಂಡು ದಾವಣಗೆರೆಗೆ ಓಡಿದ. ರುದ್ರಮುನಿ ಹೊನ್ನಾಳಿಯಿಂದ ನೇರವಾಗಿ ಅಲ್ಲಿಗೆ ಬಂದಾಗ ಅದೇ ಡಾಕ್ಟರಮ್ಮ ಕೋಣೆಯ ಹೊರಗೆ ನಿಂತಿದ್ದರು.

"ಬಿಪಿ ಸಿಗ್ತಿಲ್ಲ, ಶುಗರ್ ಪಾತಾಳಕ್ಕೆ ಹೋಗಿದೆ. ಶ್ವಾಸಕೋಶದಿಂದ ಆಗಿರೋದಲ್ಲ ಇದು. ಈಗಲಾದ್ರೂ ಹೇಳಿ, ಏನು ತಗೋತಿದ್ರು ಇವರು?"

ಹೇಳಿದವನು ಸಿದ್ದಲಿಂಗೇಶ್. "ಪುಡಿ ಮೇಡಂ. ಎರಡು ವರ್ಷ. ಅಮಾವಾಸ್ಯೆಗೆ ಮುಂಚೆ ಬಿಡಿಸಿದ್ರು."

"ಒಮ್ಮೆಲೇ?"

"ಒಮ್ಮೆಲೇ."

ಅವರು ಒಳಗೆ ಓಡಿದರು. ಇಂಜೆಕ್ಷನ್ ಕೊಟ್ಟರು, ನರಕ್ಕೆ ಬಾಟಲಿ ಏರಿಸಿದರು. ಸಂಜೆಯವರೆಗೆ ಹೊಯ್ದಾಡಿ ಶಂಕ್ರಮ್ಮ ಹೋದಳು. ಕೊನೆಗಳಿಗೆಯ ತನಕ ಅವಳ ಉಸಿರಿನಲ್ಲಿ ಆ ಹಳೆಯ ಸುಯ್ಯೆನ್ನುವ ಸದ್ದು ಇರಲೇ ಇಲ್ಲ.

ಕಾಗದಪತ್ರ ಮುಗಿಸುವಾಗ ಡಾಕ್ಟರಮ್ಮ ಅವನನ್ನು ಕೂರಿಸಿಕೊಂಡು ಹೇಳಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನಿಮಗೆ ಗೊತ್ತಿರುತ್ತೆ ಸಾರ್. ಮೂತ್ರಪಿಂಡಗಳ ಮೇಲೆ ಕೂತಿರೋ ಆ ಪುಟ್ಟ ಗ್ರಂಥಿಗಳು ಮಾಡೋ ಹಾರ್ಮೋನಿನ ಜಾತಿಯದೇ ಆ ಪುಡಿಯಲ್ಲಿರೋ ಔಷಧ. ದಿನಾ ಹೊರಗಿಂದ ಬರ್ತಿದ್ರೆ ಒಳಗಿನ ಗ್ರಂಥಿ ಕೆಲಸ ಬಿಟ್ಟು ಮಲಗಿಬಿಡುತ್ತೆ. ಅದನ್ನ ಎಬ್ಬಿಸೋಕೆ ತಿಂಗಳುಗಟ್ಟಲೆ ಬೇಕು, ಸ್ವಲ್ಪ ಸ್ವಲ್ಪವೇ ಇಳಿಸ್ತಾ ಬರಬೇಕು. ಒಮ್ಮೆಲೇ ನಿಲ್ಲಿಸಿದ್ರೆ ಒಂದು ಜ್ವರ ತಡ್ಕೊಳ್ಳೋ ಶಕ್ತಿನೂ ಮೈಗೆ ಇರಲ್ಲ. ಅವತ್ತು ಹೇಳಿದ್ರೆ ನಾನೇ ಮಾತ್ರೆ ಕೊಟ್ಟು ಇಳಿಸ್ತಿದ್ದೆ. ನಾನು ಕೇಳಿದ್ನಲ್ಲ?"

ಟ್ಯಾಂಕು, ಚೆಂಡು, ವಾಲ್ವು. ಮೂರನೇ ಬೆಂಚಿನ ಸುಧಾ ಎದ್ದು ನಿಂತಳು. ತುಕ್ಕು ಹಿಡಿಯಲ್ವಾ ಸಾರ್? ರುದ್ರಮುನಿಗೆ ಗೊತ್ತಿತ್ತು. ಗೊತ್ತಿಲ್ಲದ್ದು ಒಂದೇ ಒಂದು ಸಂಗತಿಯೂ ಅದರಲ್ಲಿ ಇರಲಿಲ್ಲ. ಅದೇ ಪುಡಿಯಲ್ಲಿ ಹಾರ್ಮೋನು ಇದೆ ಎಂದು ಕೂಗಾಡಿದವನೂ ಅವನೇ, ಹಾರ್ಮೋನು ಹೆಚ್ಚಾದರೆ ಗ್ರಂಥಿ ಸುಮ್ಮನಾಗುತ್ತದೆ ಎಂದು ವರ್ಷ ವರ್ಷ ಒದರಿದವನೂ ಅವನೇ. ಎರಡನ್ನೂ ಸೇರಿಸಿ ನೋಡುವಷ್ಟು ಹೊತ್ತು ಅವನು ಯಾವತ್ತೂ ಸುಮ್ಮನೆ ಕೂತಿರಲಿಲ್ಲ.

ಮಣ್ಣು ಮಾಡುವಾಗ ಅವಳನ್ನು ಸಮಾಧಿಯ ಗುಣಿಯೊಳಗೆ ಕೂರಿಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟರು. ಅದೇ ಲಿಂಗ, ಅದೇ ಅಂಗೈ. ರುದ್ರಮುನಿ ಮೂರು ಹಿಡಿ ಮಣ್ಣು ಹಾಕಬೇಕಿತ್ತು, ಒಂದು ಹಾಕಿ ಈಚೆ ಬಂದ. ಸಿದ್ದಲಿಂಗೇಶ್ ಬಾವಿಯ ಹತ್ತಿರ ಕಾಲು ತೊಳೆದುಕೊಳ್ಳುತ್ತ, ಅವನ ಮುಖ ನೋಡದೆ ಅಂದ:

"ಮಾಮ, ನೀವು ಓದಿಲ್ದೋರಾಗಿದ್ರೆ ಅವ್ವ ಬದುಕಿರೋಳು."

ಮುಂದಿನ ಅಮಾವಾಸ್ಯೆಗೆ ರುದ್ರಮುನಿ ಜಗಳೂರಿನ ಬಸ್ಸು ಹತ್ತಿದ. ಶಾಂತಲಾ ಬೇಡವೆಂದಳು, ಕೇಳಲಿಲ್ಲ. ತಿಪ್ಪೇಶಪ್ಪನ ಕುತ್ತಿಗೆ ಪಟ್ಟಿ ಹಿಡಿಯಬೇಕು, ಜನರೆದುರು ಅವನ ಬಣ್ಣ ಬಯಲು ಮಾಡಬೇಕು, ಅಲ್ಲಿಂದ ಸೀದಾ ಪೊಲೀಸ್ ಠಾಣೆಗೆ ಹೋಗಬೇಕು. ಇಷ್ಟಾದರೆ ಎದೆಯ ಮೇಲಿನ ಭಾರ ಅರ್ಧವಾದರೂ ಇಳಿದೀತು, ಅರ್ಧವನ್ನಾದರೂ ಇನ್ನೊಬ್ಬನ ತಲೆಗೆ ಹೊರಿಸಬಹುದು ಎಂದು ಅವನ ಆಸೆ.

ಮೆಕ್ಕೆಜೋಳದ ಹೊಲಗಳ ನಡುವೆ ಒಂದು ಹೆಂಚಿನ ಮನೆ, ಮುಂದೆ ಬೇವಿನ ಮರ. ಮರದ ಕೆಳಗೆ ಸಾಲಾಗಿ ಜನ. ಮುದುಕರು, ಬಸುರಿಯರು, ದುಂಡು ಮುಖದ ಹೆಂಗಸರು. ಈಗ ರುದ್ರಮುನಿಗೆ ಆ ದುಂಡು ಎದ್ದು ಕಾಣುತ್ತಿತ್ತು. ಸಾಲಿನ ಉದ್ದಕ್ಕೂ ಅಕ್ಕನೇ ಕೂತ ಹಾಗಿತ್ತು. ಎಲ್ಲರೂ ಸರಾಗವಾಗಿ ಉಸಿರಾಡುತ್ತ, ಹರಟೆ ಹೊಡೆಯುತ್ತ ಕೂತಿದ್ದರು.

ತಿಪ್ಪೇಶಪ್ಪ ಬಡಕಲು ಮುದುಕ, ಮಾತು ಮೆತ್ತಗೆ. ರುದ್ರಮುನಿ ಸಾಲು ಸೀಳಿಕೊಂಡು ಹೋಗಿ ಎದುರು ನಿಂತ.

"ಏನು ಹಾಕ್ತೀಯ ಇದಕ್ಕೆ? ಸ್ಟಿರಾಯ್ಡ್ ಮಾತ್ರೆ ಅರೀತೀಯಲ್ಲ? ತ್ಯಾವಣಿಗೆ ಶಂಕ್ರಮ್ಮ ನಮ್ಮಕ್ಕ. ಸತ್ತುಹೋದ್ಲು!"

ತಿಪ್ಪೇಶಪ್ಪ ಕೈಯಲ್ಲಿದ್ದ ಪೊಟ್ಟಣ ಕಟ್ಟಿ ಮುಗಿಸಿದ. ಆಮೇಲೆ, ಪಕ್ಕದವರಿಗೆ ಕೇಳದಷ್ಟು ಸಣ್ಣ ದನಿಯಲ್ಲಿ ಅಂದ: "ಗಾದ್ರಮ್ಮ ಎಲ್ಲಾ ಹೇಳಿದ್ಲು. ನಾನು ಬಂದೋರಿಗೆಲ್ಲ ಒಂದೇ ಮಾತು ಹೇಳ್ತೀನ್ರೀ, ಬಿಡಬ್ಯಾಡ್ರಿ, ಅಮಾವಾಸ್ಯೆ ತಪ್ಪಿಸಬ್ಯಾಡ್ರಿ ಅಂತ. ಯಾಕೆ ಹೇಳ್ತೀನಿ ಅಂತ ಅವರಿಗೆ ಗೊತ್ತಿಲ್ಲ. ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಬಿಡಿಸಿದೋರು ಯಾರು?"

ರುದ್ರಮುನಿಗೆ ಮೈಯೆಲ್ಲ ಉರಿದುಹೋಯಿತು. ಅವನು ತಿರುಗಿ ನಿಂತು ಸಾಲಿಗೆ ಕೇಳುವಂತೆ ಕೂಗಿದ. "ಇದು ವಿಷ ಕಣ್ರೀ! ದೇವರಲ್ಲ, ಔಷಧಿ ಅಂಗಡಿ ಮಾತ್ರೆ! ನಿಮ್ಮ ಮೂಳೆ ತಿಂದುಹಾಕುತ್ತೆ!"

ಸಾಲಿನಲ್ಲಿ ಗುಸುಗುಸು ಎದ್ದಿತು. ಮುಂದೆ ನಿಂತಿದ್ದ ಯುವಕನೊಬ್ಬ ತನ್ನ ತಾಯಿಯ ಕೈಯಿಂದ ಪೊಟ್ಟಣಗಳ ಕಟ್ಟು ಕಿತ್ತುಕೊಂಡ. ಉಚ್ಚಂಗೆಮ್ಮ ಎಂಬ ಆ ಮುದುಕಿಯದು ಶಂಕ್ರಮ್ಮನಂತೆಯೇ ತುಂಬಿದ ಕೆನ್ನೆ, ಮುಂಗೈ ಮೇಲೆ ಅದೇ ನೀಲಿ ಕಲೆ. "ನಾನು ಆವತ್ತೇ ಹೇಳಿದ್ದೆ ಅವ್ವ, ಕೇಳಿದೆಯಾ? ನಡಿ ಮನೀಗೆ. ಇವತ್ತಿಂದ ಬಂದ್!" ಎಂದು ಕಟ್ಟನ್ನು ಮಣ್ಣಿಗೆ ಬಿಸಾಡಿದ.

ಅವನ ಮುಖದಲ್ಲಿ ಗೆದ್ದವನ ಸಂತೋಷವಿತ್ತು. ರುದ್ರಮುನಿಗೆ ಆ ಸಂತೋಷದ ಗುರುತು ಚೆನ್ನಾಗಿಯೇ ಇತ್ತು.

"ಬ್ಯಾಡ!" ಎಂದು ಚೀರಿದ. ಓಡಿಹೋಗಿ ಮಣ್ಣಿನಲ್ಲಿ ಮಂಡಿಯೂರಿ ಪೊಟ್ಟಣಗಳನ್ನು ಆಯ್ದ. ಧೂಳು ಊದಿದ. ಮುದುಕಿಯ ಕೈ ಹಿಡಿದು ಅದರೊಳಗೆ ತುರುಕಿದ. "ಒಮ್ಮೆಲೇ ಬಿಡಬ್ಯಾಡ್ರವ್ವ. ನಾಳೆ ಬೆಳಿಗ್ಗೆನೂ ನೆಕ್ಕಿರಿ. ತಪ್ಪಿಸಬ್ಯಾಡ್ರಿ. ಆದ್ರೆ ದೊಡ್ಡಾಸ್ಪತ್ರೆಗೆ ಹೋಗ್ರಿ, ಈ ಪುಡಿ ತೋರಿಸ್ರಿ, ಮುಚ್ಚಿಡಬ್ಯಾಡ್ರಿ. ಅವರು ನಿಧಾನಕ್ಕೆ ಬಿಡಿಸ್ತಾರೆ. ಕೇಳಿಸ್ತೇನ್ರವ್ವಾ?"

ಉಚ್ಚಂಗೆಮ್ಮ ಅವನನ್ನು ಕನಿಕರದಿಂದ ನೋಡಿದಳು. "ನಿಮ್ಮಕ್ಕನೂ ಇದೇ ಪುಡಿ ತಗೊಂತಿದ್ಲೇನಪ್ಪ?"

"ಹೂಂ."

"ಬಿಟ್ಟಿದ್ಲೇನು?"

"ನಾನೇ ಬಿಡಿಸಿದೆ. ಒಂದು ಅಮಾವಾಸ್ಯೆ ತಪ್ಪಿತ್ತು, ಅಷ್ಟೆ."

"ಅಯ್ಯೋ ಶಿವನೇ!" ಎಂದಳು ಉಚ್ಚಂಗೆಮ್ಮ. ಪೊಟ್ಟಣಗಳನ್ನು ಕಣ್ಣಿಗೊತ್ತಿಕೊಂಡು ಸೆರಗಿನ ಗಂಟಿಗೆ ಕಟ್ಟಿದಳು. ಮಗ ಮಣ್ಣಿನಲ್ಲಿ ಉಳಿದಿದ್ದ ಕೊನೆಯ ಪೊಟ್ಟಣವನ್ನು ತಾನೇ ಎತ್ತಿಕೊಟ್ಟ. ಮಾತು ಸಾಲಿನ ಹಿಂದಕ್ಕೆ ಹರಿಯಿತು: ಒಂದೇ ಅಮಾವಾಸ್ಯೆ ತಪ್ಪಿಸಿದ್ದಂತೆ, ದೇವರು ಉಸಿರು ಕಿತ್ತುಕೊಂಡನಂತೆ, ಕಾಲೇಜಿನ ಮೇಷ್ಟ್ರು ಖುದ್ದು ಬಂದು ತಪ್ಪೊಪ್ಪಿಕೊಂಡರಂತೆ.

"ಆಸ್ಪತ್ರೆ" ಎಂದು ರುದ್ರಮುನಿ ಮತ್ತೊಮ್ಮೆ ಕೂಗಿದ. "ಆಸ್ಪತ್ರೆಗೆ ಹೋಗ್ರಿ ಅಂದೆ, ಅದನ್ನೂ ಕೇಳ್ರಿ!" ಆದರೆ ಅವರಿಗೆ ಬೇಕಾದ ಅರ್ಧ ಆಗಲೇ ಕೈಸೇರಿತ್ತು. ಕಾಯಿ ಒಡೆಯುವ ಸದ್ದು ಮತ್ತೆ ಶುರುವಾಯಿತು. ಠಾಣೆಗೆ ಹೋಗಿ ಈ ಮನೆಯ ಬಾಗಿಲು ಹಾಕಿಸಿದರೆ ನಾಳಿದ್ದು ಈ ಸಾಲಿನಲ್ಲಿ ಎಷ್ಟು ಜನ ಗೋಡೆ ಹಿಡಿದು ಬೀಳುತ್ತಾರೋ. ಹಾಕಿಸದಿದ್ದರೆ ಎಷ್ಟು ಜನರ ಮೂಳೆ ಸವೆಯುತ್ತದೋ. ಅವನು ಬೇವಿನ ಮರಕ್ಕೆ ಒರಗಿ, ಮಂಡಿಯ ಮೇಲೆ ಕೈಯೂರಿ, ಅಕ್ಕ ಕೂರುತ್ತಿದ್ದ ಹಾಗೆ ಕೂತುಬಿಟ್ಟ. ಗಾಳಿ ಒಳಕ್ಕೆ ಹೋಗುತ್ತಿತ್ತು, ಹೊರಕ್ಕೆ ಬರುತ್ತಿತ್ತು, ಏನೂ ತೊಂದರೆ ಇರಲಿಲ್ಲ.

ತಿಪ್ಪೇಶಪ್ಪ ಯಾರಿಗೋ ಹೇಳಿ ಅವನಿಗೊಂದು ಲೋಟ ನೀರು ಕೊಡಿಸಿದ. ಆಮೇಲೆ ಸಾಲಿನ ಕಡೆ ತಿರುಗಿ, ದನಿ ಏರಿಸದೆ ಅಂದ: "ಕೇಳಿದ್ರಲ್ಲ, ಓದಿದೋರೇ ಹೇಳ್ತಾವ್ರೆ. ತಪ್ಪಿಸಬ್ಯಾಡ್ರಿ."